ಬಿಸಿ ರೊಟ್ಟಿ ಮತ್ತು ಕೆಂಪು ಕಾರಿನ ಎವರೇಜು

“ಹದಿನೆಂಟು! ಲೀಟರಿಗೆ ಹದಿನೆಂಟು ಕಿಲೋಮೀಟರ್ ತೆಗದು ತೋರಸ್ತೇನಿ! ಇಪ್ಪತ್ತು ಅಂತಿದ್ದೆ, ಆದ್ರ ನನಗ ಅಷ್ಟು ಸೊಕ್ಕಿಲ್ಲ!”

ಮೂಡಲಗಿಯ ತನ್ನ ಮನೆಯ ಪಡಸಾಲೆಯಲ್ಲಿ ಭೀಮಶಿ ಈ ಪ್ರತಿಜ್ಞೆ ಮಾಡಿದಾಗ ಅವನ ಬಲಗೈ ಆಕಾಶಕ್ಕೆ ಏರಿತ್ತು, ಎಡಗೈಯಲ್ಲಿ ಅರ್ಧ ತಿಂದ ರೊಟ್ಟಿ ಇತ್ತು. ಎದುರಿಗೆ ಊಟಕ್ಕೆ ಕೂತಿದ್ದವನು ಗೋಕಾಕದ ದಸ್ತಗೀರ. ಭೀಮಶಿಯ ಜೊತೆ ಒಂದೇ ಶಾಲೆಯಲ್ಲಿ ಕಲಿತವನು, ಈಗ ಹಳೆಯ ಕಾರುಗಳನ್ನು ಮಾರುವವನು. ಅಂಗಳದಲ್ಲಿ ಮದುಮಗಳ ಹಾಗೆ ನಿಂತಿದ್ದ ಕೆಂಪು ಕಾರನ್ನು ಭೀಮಶಿಯ ಕೊರಳಿಗೆ ಕಟ್ಟಿದವನೂ ಅವನೇ.

“ಲೇ, ಮಾರಿದವ ನಾನು. ಸುಳ್ಳು ಹೇಳಿ ಮಾರಬೇಕಾಗಿತ್ತು, ಖರೆ ಹೇಳಿ ಮಾರೇನಿ,” ಎಂದ ದಸ್ತಗೀರ. “ಹತ್ತು ಕೊಟ್ರ ಅದ ಹೆಚ್ಚು. ಜರ್ಮನಿಯವರು ಅದನ್ನ ಓಡಾಕ ಮಾಡ್ಯಾರ, ಉಳಸಾಕ ಅಲ್ಲ.”

“ಇಂಜಿನ್ ಜರ್ಮನಿದ ಇರಬಹುದು. ಅದನ್ನ ಒತ್ತೂ ಪಾದ ಮೂಡಲಗಿದು!”

“ಹದಿನೆಂಟು ಬರಲಿಲ್ಲಂದ್ರ?”

“ಬರಲಿಲ್ಲಂದ್ರ ಒಂದು ವಾರ ಈ ಮನ್ಯಾಗ ರೊಟ್ಟಿ ನಾನ ಬಡಿತೇನಿ!”

ಒಳಗೆ ಒಲೆಯ ಮುಂದೆ ರೊಟ್ಟಿ ಬಡಿಯುವ ಸದ್ದು ಥಟ್ಟನೆ ನಿಂತಿತು. ಬಡಿಯುತ್ತಿದ್ದವಳು ಭೀಮಶಿಯ ಹೆಂಡತಿ ದೀಪಾ. ಮೀಸೆಯ ಮೇಲೆ ಆಣೆ ಮಾಡುವ ಗಂಡಸರನ್ನು ಅವಳು ಕಂಡಿದ್ದಳು. ರೊಟ್ಟಿಯ ಮೇಲೆ ಆಣೆ ಮಾಡಿದ ಗಂಡಸು ಈ ಸೀಮೆಯಲ್ಲಿ ಇವನೇ ಮೊದಲಿಗನಿರಬೇಕು. ಅಂದರೆ ಇದಕ್ಕಿಂತ ಅಸಾಧ್ಯವಾದ ಸಂಗತಿ ಅವನ ತಲೆಗೆ ಹೊಳೆಯಲೇ ಇಲ್ಲ!

ಇಷ್ಟಕ್ಕೆಲ್ಲ ಕಾರಣ ಒಂದು ಪ್ರಶ್ನೆ. ಬೋರ್‌ವೆಲ್ ಮೋಟಾರು, ಪೈಪುಗಳ ಅಂಗಡಿ ಇಟ್ಟು ನಾಲ್ಕು ಕಾಸು ಕಂಡ ಭೀಮಶಿ ಈ ಪುಟ್ಟ ಐಷಾರಾಮಿ ಕಾರು ತಂದಾಗ, ಜನ ಅದರ ಬಣ್ಣ ನೋಡುತ್ತಾರೆ, ಚರ್ಮದ ಸೀಟು ಸವರುತ್ತಾರೆ, ಆರು ಸೆಕೆಂಡಿನಲ್ಲಿ ನೂರರ ವೇಗ ಎಂದರೆ ಬಾಯಿ ತೆರೆಯುತ್ತಾರೆ ಎಂದುಕೊಂಡಿದ್ದ. ಜನ ಕಾರನ್ನು ಒಂದು ಸುತ್ತು ಹಾಕಿ, ಟಯರಿಗೆ ಮೆಲ್ಲಗೆ ಒದ್ದು, ಒಂದೇ ಮಾತು ಕೇಳಿದರು: “ಎವರೇಜ್ ಎಷ್ಟ ಕೊಡತೈತಿ?” ಕ್ಷೌರದ ಅಂಗಡಿಯಲ್ಲಿ ಕೇಳಿದರು, ಬ್ಯಾಂಕಿನಲ್ಲಿ ಕೇಳಿದರು. ಬಾಜೂ ಮನೆಯ ಯಮನವ್ವ, ಜೀವಮಾನದಲ್ಲಿ ಸೈಕಲ್ಲನ್ನೂ ಮುಟ್ಟದವಳು, ಎಲೆಅಡಿಕೆ ಉಗುಳಿ ಬಂದು ಕೇಳಿದಳು. “ಎಂಟೋ ಒಂಬತ್ತೋ” ಎಂದ ದಿನ ಅವಳು ಭೀಮಶಿಯನ್ನು ನೋಡಿದ ರೀತಿಗೆ ಅವನ ಎದೆ ಒಡೆದಿತ್ತು.

ದೀಪಾಳಿಗೆ ಈ ಪ್ರಶ್ನೆ ವಿಚಿತ್ರವಾಗಿ ಕಾಣುತ್ತಿತ್ತು. ಮನೆಯ ಗ್ಯಾಸ್ ಸಿಲಿಂಡರನ್ನು ಅವಳು ಎರಡು ತಿಂಗಳು ತಳ್ಳುತ್ತಿದ್ದಳು. ಬೇಳೆ ನೆನೆಹಾಕಿ, ಪಾತ್ರೆಗೆ ಮುಚ್ಚಳ ಮುಚ್ಚಿ, ಉರಿ ಸಣ್ಣಗೆ ಮಾಡಿ, ಒಲೆ ಆರಿಸಿದ ಮೇಲೂ ಹಂಚಿನ ಕಾವಿನಲ್ಲಿ ಕೊನೆಯ ರೊಟ್ಟಿ ಬೇಯಿಸಿ ತಳ್ಳುತ್ತಿದ್ದಳು. ಅದರ ಎವರೇಜನ್ನು ಇಂದಿನವರೆಗೆ ಯಾರೂ ಕೇಳಿರಲಿಲ್ಲ.

ಹಂಚಿನ ಕಾವಿನಲ್ಲಿ ಬೆಂದ ಆ ಕೊನೆಯ ರೊಟ್ಟಿಯೇ ದೀಪಾಳ ಪಾಲಿನದು. ಎಲ್ಲರಿಗೂ ಬಡಿಸಿ, ಅಡುಗೆಮನೆ ಒರೆಸಿ, ಅವಳು ತಾಟಿನ ಮುಂದೆ ಕೂರುವ ಹೊತ್ತಿಗೆ ಅದು ಆರಿ, ಅಂಚು ಮಡಚಿ, ಯಾರೋ ಬಿಟ್ಟುಹೋದ ಚಪ್ಪಲಿಯ ಹಾಗೆ ಬಿದ್ದಿರುತ್ತಿತ್ತು. ಅವಳಿಗೊಂದು ಕನಸಿತ್ತು. ಬಂಗಾರದ ಕನಸಲ್ಲ, ಸೀರೆಯ ಕನಸೂ ಅಲ್ಲ. ತಾನು ಕೂತಿರಬೇಕು, ಹಂಚಿನಿಂದ ನೇರ ತನ್ನ ತಾಟಿಗೆ ಒಂದು ರೊಟ್ಟಿ ಬಂದು ಬೀಳಬೇಕು, ಉಬ್ಬಿದ ಪದರಕ್ಕೆ ಬೆರಳಿಟ್ಟರೆ ಉಸ್ಸೆಂದು ಹಬೆ ಬಿಡಬೇಕು. ಅಷ್ಟೇ. ಮದುವೆಯಾದಾಗಿನಿಂದ ಅದು ಒಮ್ಮೆಯೂ ಆಗಿರಲಿಲ್ಲ.

ಆದ್ದರಿಂದ ಪಂದ್ಯದ ಮುಂದಿನ ಮಾತು ಕೇಳಿ ಅವಳ ಕೈಯಲ್ಲಿದ್ದ ಹಿಟ್ಟು ಜಾರಿತು.

“ರವಿವಾರ ಗೋಕಾಕದಾಗ ನಿನ್ನ ಮುಂದನ ಮೀಟರ್ ಸೊನ್ನಿ ಮಾಡತೇನಿ,” ಎನ್ನುತ್ತಿದ್ದ ಭೀಮಶಿ. “ಹುಕ್ಕೇರಿಗೆ ಹೋಗಿ, ಆ ಬಸ್‌ಸ್ಟ್ಯಾಂಡ್ ಬಾಜೂಕಿನ ಖಾನಾವಳಿ ಮುಂದ ನಿಂತು ಮೀಟರಿನ ಫೋಟೋ ಕಳಸ್ತೇನಿ. ದೀಪಾನ್ನೂ ಕರಕೊಂಡು ಹೋಗತೇನಿ. ಆಕಿದೂ ಅಲ್ಲೇ ಊಟ ಆಗತೈತಿ.”

ಹುಕ್ಕೇರಿಯ ಖಾನಾವಳಿ! ಸಾಕು ಎನ್ನುವವರೆಗೆ ಬಿಸಿ ರೊಟ್ಟಿ ತಂದು ಹಾಕುತ್ತಾರಂತೆ. ಅದನ್ನು ಬಡಿಯುವವಳೂ ಒಬ್ಬ ಹೆಂಗಸೇ, ಅವಳು ಎಂದು ಬಿಸಿಯದನ್ನು ಉಣ್ಣುತ್ತಾಳೋ ಎಂಬ ಯೋಚನೆ ದೀಪಾಳಿಗೆ ಬಂತು. ಆದರೆ ಕನಸಿಗೆ ಒಂದು ದಿನದ ಮಟ್ಟಿಗೆ ಸ್ವಾರ್ಥಿಯಾಗುವ ಹಕ್ಕಿದೆ.

ರವಿವಾರ ಬೆಳಿಗ್ಗೆ ಭೀಮಶಿ ಅಂಗಡಿಯ ತೂಕದ ಯಂತ್ರವನ್ನು ಅಂಗಳಕ್ಕೆ ತಂದಿಟ್ಟ. ತೂಕ ಕಡಿಮೆಯಾದಷ್ಟು ಎವರೇಜು ಹೆಚ್ಚಂತೆ! ಸ್ಟೆಪ್ನಿ ಇಳಿಯಿತು. ಜಾಕು ಇಳಿಯಿತು. ಕಾಲಡಿಯ ಮ್ಯಾಟುಗಳು ಇಳಿದವು. ಸೊಸೆಯ ಜೊತೆ ತಾನೂ ಹೊರಟು, ಹೊಸ ಸೀರೆಯುಟ್ಟು ನಿಂತಿದ್ದ ತಾಯಿ ಹಣಮವ್ವನನ್ನು ಅವನು ಯಂತ್ರದ ಮೇಲೆ ಹತ್ತಿಸಿದ.

“ಅರವತ್ತೆರಡು! ಅವ್ವಾ, ನೀ ಮನ್ಯಾಗ ಇದ್ದಬಿಡು.”

“ನಿನ್ನ ಹೊಟ್ಟ್ಯಾಗ ಹೊತ್ತಾಗ ನಾ ಎವರೇಜ್ ನೋಡಿದ್ದಿಲ್ಲಪಾ,” ಎಂದು ಹಣಮವ್ವ ಇಳಿದು, ಹೊಸ ಸೀರೆಯಲ್ಲೇ ಕಟ್ಟೆಯ ಮೇಲೆ ಕೂತಳು.

“ನೀವೂ ಒಮ್ಮಿ ಹತ್ತರೆಲಾ,” ಎಂದಳು ದೀಪಾ, ಗಂಡನ ಹೊಟ್ಟೆಯನ್ನು ನೋಡುತ್ತ.

“ಡ್ರೈವರ್ ತೂಕ ಲೆಕ್ಕಕ್ಕ ಬರೂದಿಲ್ಲ. ಆ ಚೀಲದಾಗ ಏನೈತಿ?”

“ನೀರಿನ ಬಾಟ್ಲಿ.”

“ಒಂದು ಲೀಟರ್ ನೀರಂದ್ರ ಒಂದು ಕೆಜಿ! ಇಡು ಕೆಳಗ. ಬುತ್ತಿನೂ ಬ್ಯಾಡಂತ ನಿನ್ನೇನ ಹೇಳೇನಲ್ಲ.”

ಬುತ್ತಿ ಬೇಡ! ಈ ಮನೆಯವರು ಹೊಲಕ್ಕೆ ಹೋಗಲಿ, ದೇವರಿಗೆ ಹೋಗಲಿ, ದವಾಖಾನೆಗೆ ಹೋಗಲಿ, ದೀಪಾ ಕೋಳಿಗಿಂತ ಮೊದಲೆದ್ದು ಬುತ್ತಿ ಕಟ್ಟಬೇಕಿತ್ತು. ಇಂದು ಅವಳು ಬೆಳಕು ಹರಿಯುವವರೆಗೆ ಮಲಗಿ, ಕೈಬೀಸಿಕೊಂಡು ಕಾರು ಹತ್ತಿದಳು. ಹಸಿರು ಎಲೆಯ ದೇವತೆಯೇ, ನಿನ್ನ ಮಹಿಮೆ ದೊಡ್ಡದು!

ಹಸಿರು ಎಲೆ ಎಂದರೆ ಸ್ಟೇರಿಂಗಿನ ಹಿಂದೆ ಮೂಡುವ ಒಂದು ಚಿತ್ರ. ಇಂಧನ ಉಳಿಸುವ ಹಾಗೆ ಮೆತ್ತಗೆ ಓಡಿಸಿದರೆ ಆ ಎಲೆ ಬೆಳಗುತ್ತದೆ, ಕೆಳಗೆ ಎವರೇಜಿನ ಅಂಕಿ. ಗೋಕಾಕದಲ್ಲಿ ದಸ್ತಗೀರ ಸ್ವತಃ ಬಗ್ಗಿ ಅಂಕಿಯನ್ನು ಸೊನ್ನೆ ಮಾಡಿದ. “ವೈನಿ, ಹಿಟ್ಟು ಕಲಸೂದನ್ನ ಇವಗ ಇವತ್ತಿಂದನ ಕಲಿಸ್ರಿ,” ಎಂದು ದೀಪಾಳಿಗೆ ಹೇಳಿ ಕೈ ಬೀಸಿದ.

ಅಲ್ಲಿಂದ ಮುಂದೆ ಆ ಕಾರು ಓಡಲಿಲ್ಲ, ತೇಲಿತು. ಆರು ಸೆಕೆಂಡಿನಲ್ಲಿ ನೂರು ಮುಟ್ಟಬಲ್ಲ ಕಾರು ನಲವತ್ತರಲ್ಲಿ, ಗರ್ಭಿಣಿಯ ನಡಿಗೆಯಲ್ಲಿ ಹೊರಟಿತು. ಏಸಿ ಹಾಕುವಂತಿಲ್ಲ, ಎಣ್ಣೆ ಕುಡಿಯುತ್ತದೆ. ಕಿಟಕಿ ತೆರೆಯುವಂತಿಲ್ಲ, ಗಾಳಿ ಹಿಡಿದೆಳೆಯುತ್ತದೆ. ಹಳದಿ ಬಸ್ಸು ಹಿಂದಿಕ್ಕಿತು. ಹೆಂಗಸರು ತುಂಬಿದ ಟಂಟಂ ರಿಕ್ಷಾ ಹಿಂದಿಕ್ಕಿತು. ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡಿನ ಮುದುಕ ಹಿಂದಿಕ್ಕಿ, ಏನೋ ಕೆಟ್ಟಿರಬೇಕೆಂದು ಕನಿಕರದಿಂದ ತಿರುಗಿ ನೋಡಿದ. ಒಂದು ಕಡೆ ಕುರಿಹಿಂಡು ಅಡ್ಡ ಬಂದಾಗ ಕುರಿಗಾರ ಕಾರಿನ ಜೊತೆಜೊತೆಗೇ ನಡೆಯುತ್ತ ಕಿಟಕಿ ಬಡಿದ.

“ಎವರೇಜ್ ಎಷ್ಟ ಕೊಡತೈತ್ರಿ?”

“ಹದಿನಾರು ದಾಟೇತಿ!” ಎಂದು ಭೀಮಶಿ ಗಾಜಿನೊಳಗಿಂದಲೇ ಕೂಗಿದ.

ದೀಪಾ ಸೀಟಿಗೆ ತಲೆಯಾನಿಸಿದಳು. ಬೆವರು ಕೊರಳಿಗಿಳಿಯುತ್ತಿತ್ತು, ಆದರೂ ಇದೊಂದು ಸುಖವೇ. ಇಲ್ಲಿ ಯಾರೂ “ದೀಪಾ, ಚಹಾ” ಎನ್ನುವಂತಿಲ್ಲ. ಕುಕ್ಕರ್ ಸೀಟಿ ಹೊಡೆಯುವುದಿಲ್ಲ. ಕಿಟಕಿಯಾಚೆ ಅರಿಶಿನದ ಹೊಲ ಬಂತು, ಕಬ್ಬು ಬಂತು, ಮತ್ತೆ ಕಬ್ಬು. ರಸ್ತೆಯ ಪಕ್ಕದ ಕಾಲುವೆಯ ನೀರು ಕಾರಿಗಿಂತ ತುಸು ಮುಂದೆ ಹೋಗುತ್ತಿತ್ತು. ಅದರ ಮೇಲೆ ತೇಲುತ್ತಿದ್ದ ಒಂದು ಒಣ ಎಲೆ ಬಹಳ ಹೊತ್ತು ಅವರಿಗೆ ಜೊತೆಯಾಗಿ, ಕೊನೆಗೆ ಬೇಸತ್ತು ಅದೂ ಹೋಯಿತು. ಕಣ್ಣು ಅರೆಮುಚ್ಚಿದರೆ ಆಕಾಶವೆಲ್ಲ ಒಂದು ದೊಡ್ಡ ಹಂಚು, ಸೂರ್ಯ ಉಬ್ಬಿದ ರೊಟ್ಟಿ. ಯಾರೋ ಅದನ್ನು ತೆಗೆದು ಅವಳ ತಾಟಿಗೆ ಹಾಕಲು ಬರುತ್ತಿದ್ದಾರೆ, ನಿಧಾನವಾಗಿ, ಬಹಳ ನಿಧಾನವಾಗಿ...

ನಿಧಾನ! ದೀಪಾ ಎಚ್ಚೆತ್ತಳು. “ರೀ, ಖಾನಾವಳಿ ಮೂರಕ್ಕ ಬಾಗಲಾ ಹಾಕತಾರಂತ. ಸ್ವಲ್ಪ ಜೋರ ಹೊಡೀರಿ.”

“ಅವಸರ ಮಾಡಬ್ಯಾಡ. ನಿಧಾನಕ್ಕ ಹೋದ್ರ ಎವರೇಜ್ ಬರತೈತಿ.”

ಏಸಿಯ ಗುಂಡಿ ಅವಳ ಕೈಯಳತೆಯಲ್ಲೇ ಇತ್ತು. ಒಮ್ಮೆ ಒತ್ತಿದರೆ ಸಾಕು, ಹದಿನೆಂಟು ಮಣ್ಣುಪಾಲು, ಒಂದು ವಾರ ಮನೆಯಲ್ಲೇ ಬಿಸಿ ರೊಟ್ಟಿ. ಬೆರಳು ಅತ್ತ ಹೋಗಿ ಮರಳಿ ಬಂತು. ಮೋಸದ ರೊಟ್ಟಿ ಉಬ್ಬುವುದಿಲ್ಲ ಎಂದು ಅವಳು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಳು.

ಘಟಪ್ರಭಾ ದಾಟಿದ ಮೇಲೆ ಭೀಮಶಿಗೆ ಜ್ಞಾನೋದಯವಾಯಿತು. ಎರಡು ಟ್ರೇಲರ್ ಕಬ್ಬು ಎಳೆಯುತ್ತಿದ್ದ ಟ್ರ್ಯಾಕ್ಟರೊಂದು ಮುಂದೆ ಸಿಕ್ಕಿತು. “ಗಾಳಿಗೆ ಅದು ಎದಿ ಕೊಡತೈತಿ, ನಾವು ಅದರ ಮರ್‍ಯಾಗ ಹೋಗೂದು. ಇಂಜಿನ್‌ಗೆ ಭಾರನ ಇಲ್ಲ!” ಎಂದು ಅವನು ಕಾರನ್ನು ಟ್ರೇಲರಿನ ಬೆನ್ನಿಗೆ ಅಂಟಿಸಿದ. ಕಬ್ಬಿನ ಗರಿಗಳು ಬಾನೆಟ್ಟಿನ ಮೇಲೆ ತೋರಣದ ಹಾಗೆ ತೂಗಾಡಿದವು. ಟ್ರ್ಯಾಕ್ಟರಿನ ಸ್ಪೀಕರಿನಿಂದ ಹಾಡು ಹೊಡೆಯುತ್ತಿತ್ತು. ಹಿಂದಿನಿಂದ ಇನ್ನೊಂದು ಕಬ್ಬಿನ ಟ್ರ್ಯಾಕ್ಟರು ಬಂದು ಕೂಡಿಕೊಂಡಿತು. ಭೀಮಶಿಯ ಕಣ್ಣು ರಸ್ತೆಯ ಮೇಲಿರಲಿಲ್ಲ, ಅಂಕಿಯ ಮೇಲಿತ್ತು.

“ಹದಿನೇಳು ಪಾಯಿಂಟ್ ಎರಡು! ಹದಿನೇಳು ಪಾಯಿಂಟ್ ಆರು!”

ಟ್ರ್ಯಾಕ್ಟರು ಎಡಕ್ಕೆ ಹೊರಳಿತು. ಕಾರೂ ಹೊರಳಿತು.

“ರೀ, ಹುಕ್ಕೇರಿ ರಸ್ತಾ ಆ ಕಡಿ ಉಳೀತಲ್ಲರಿ!”

“ಮಾತಾಡಸಬ್ಯಾಡ! ಹದಿನೇಳು ಪಾಯಿಂಟ್ ಒಂಬತ್ತು!”

ದೊಡ್ಡದೊಂದು ಕಬ್ಬಿಣದ ಗೇಟು ಬಂತು, ಹೋಯಿತು. ಟ್ರ್ಯಾಕ್ಟರು ನಿಂತಿತು. ಕಾರು ನಿಂತಿತು. ಭೀಮಶಿ ತಲೆಯೆತ್ತಿ ನೋಡಿದಾಗ ಎದುರಿಗೆ ಕಬ್ಬು, ಹಿಂದೆ ಕಬ್ಬು, ಎಡಕ್ಕೂ ಬಲಕ್ಕೂ ಕಬ್ಬಿನ ಟ್ರೇಲರುಗಳ ಸಾಲು, ಮೇಲೆ ಹೊಗೆ ಬಿಡುವ ಚಿಮಣಿ. ಅವರು ಸಕ್ಕರೆ ಕಾರ್ಖಾನೆಯ ಸರತಿಯಲ್ಲಿ, ಮೆರವಣಿಗೆಯ ನಡುವಿನ ಪಲ್ಲಕ್ಕಿಯ ಹಾಗೆ ಸಿಕ್ಕಿಕೊಂಡಿದ್ದರು!

ಮುಂದಿನ ಟ್ರ್ಯಾಕ್ಟರಿನಿಂದ ಒಬ್ಬ ಇಳಿದು ಬಂದು ಕಾರನ್ನು ಸುತ್ತುಹಾಕಿ ನೋಡಿದ. ಹೆಸರು ಶಿದ್ಲಿಂಗಪ್ಪ, ಬೆಲ್ಲದ ಬಾಗೇವಾಡಿಯವನು.

“ಸಾವಕಾರ್ರ, ನಿಮ್ದು ಎಷ್ಟು ಟನ್ ಐತ್ರಿ?”

“ನಾವು ಕಬ್ಬಿಗೆ ಬಂದವರಲ್ಲೋ! ಹೊರಗ ಹೋಗೂದು ಹೆಂಗ?”

“ಕಾಟಾ ಮ್ಯಾಲ ಹತ್ತಿ, ಆ ಕಡಿ ಇಳೀಬೇಕ್ರಿ. ತೂಕದ ಕಾಟಾ ಒಂದ ಐತಿ. ಸಂಜೀತನಾ ಆಗಬಹುದು. ನೀವು ಪುಣ್ಯಾವಂತರು, ಇವತ್ತು ಸರತಿ ಸಣ್ಣದೈತಿ.”

ಸರತಿ ಆಗಾಗ ಹತ್ತು ಹೆಜ್ಜೆ ಸರಿಯುತ್ತಿತ್ತು. ಪ್ರತಿ ಸಲ ಇಂಜಿನ್ ಶುರುಮಾಡಿದರೆ ಅಂಕಿ ಇಳಿಯುತ್ತದೆ. ಎರಡು ಸಲ ಸರಿದದ್ದಕ್ಕೇ ಹದಿನೇಳಕ್ಕೆ ಬಂದಿತ್ತು. ಭೀಮಶಿ ಹಲ್ಲು ಕಚ್ಚಿದ. “ದೀಪಾ, ನೀ ಸ್ಟೇರಿಂಗ್ ಹಿಡಿ. ಇಂಜಿನ್ ಬ್ಯಾಡ. ನಾ ಇಳದು ನೂಕತೇನಿ!”

ಹೀಗೆ, ಮೂಡಲಗಿಯ ದೀಪಾ ಜೀವನದಲ್ಲಿ ಮೊದಲ ಬಾರಿ ಜರ್ಮನಿ ಕಾರಿನ ಸ್ಟೇರಿಂಗ್ ಹಿಡಿದು ಕೂತಳು, ಹಿಂದಿನಿಂದ ಗಂಡ ಏದುಸಿರು ಬಿಡುತ್ತ ನೂಕಿದ. ಕನ್ನಡಿಯಲ್ಲಿ ಅವನ ಕೆಂಪು ಮುಖ ಕಾಣುತ್ತಿತ್ತು. ಕಾರು ಸದ್ದಿಲ್ಲದೆ, ದೋಣಿಯ ಹಾಗೆ ಮುಂದೆ ಸರಿಯಿತು. ಗಾಳಿಯಲ್ಲಿ ಕುದಿಯುವ ಕಬ್ಬಿನ ಹಾಲಿನ ಸಿಹಿ ವಾಸನೆ. ಇದು ಕನಸೋ ನನಸೋ ದೀಪಾಳಿಗೆ ತಿಳಿಯಲಿಲ್ಲ. ಕನಸಾದರೆ ಇನ್ನೂ ಹತ್ತು ಹೆಜ್ಜೆ ಇರಲಿ ಎಂದು ಬ್ರೇಕ್ ಮುಟ್ಟದೆ ಕೂತಳು.

ಮೂರನೆಯ ನೂಕಿಗೆ ಭೀಮಶಿ ಡಿಕ್ಕಿಯ ಮೇಲೆ ಬೋರಲಾಗಿ ಬಿದ್ದ.

“ನೀರು... ನೀರು ಕೊಡ...”

“ಒಂದು ಲೀಟರ್ ಅಂದ್ರ ಒಂದು ಕೆಜಿ ಅಂದ್ರೆಲಾ.”

“ಬುತ್ತಿ?”

“ತೂಕ.”

ಶಿದ್ಲಿಂಗಪ್ಪ ಕೊಟ್ಟ ನೀರು ಕುಡಿದು, ಭೀಮಶಿ ತೆವಳಿಕೊಂಡು ಕಾರೊಳಗೆ ಬಂದ. ಸೀಟು ಹಿಂದಕ್ಕೆ ಬಾಗಿಸಿದ. “ಎರಡ ನಿಮಿಷ,” ಎಂದು ಇಂಜಿನ್ ಶುರುಮಾಡಿ ತನ್ನ ಕೈಯಾರೆ ಏಸಿ ಗುಂಡಿ ಒತ್ತಿದ. ದೀಪಾ ಕಣ್ಣಾರೆ ನೋಡಿದಳು. ಅವಳ ಬೆರಳಲ್ಲ, ಅವನದೇ ಬೆರಳು! ಮರುಕ್ಷಣ ಗೊರಕೆ ಶುರುವಾಯಿತು.

ಸರತಿ ಅಲುಗದೆ ನಿಂತುಬಿಟ್ಟಿತ್ತು. ಅವಳು ಕೆಳಗಿಳಿದಾಗ ಟ್ರ್ಯಾಕ್ಟರಿನ ನೆರಳಲ್ಲಿ ಶಿದ್ಲಿಂಗಪ್ಪ ಸಣ್ಣ ಒಲೆ ಹಚ್ಚಿ, ಪರಾತದಲ್ಲಿ ಜೋಳದ ಹಿಟ್ಟು ನಾದುತ್ತಿದ್ದ.

“ಕೂಡ್ರಿ ಅಕ್ಕಾರ. ಉಣ್ಣೂ ಹೊತ್ತಾಗೇತಿ.”

ದೀಪಾಳ ಕೈ ತಂತಾನೇ ಹಿಟ್ಟಿನ ಕಡೆ ಹೋಯಿತು. “ತರ್‍ರಿ ಇಲ್ಲಿ, ನಾ ಬಡಿತೇನಿ.”

“ಬ್ಯಾಡ್ರಿ. ಪರಾತ ಒಂದ ಐತಿ, ನೀವು ಕೂಡ್ರಿ.”

ಕೂತಳು! ಖಾಲಿ ಚೀಲದ ಮೇಲೆ, ಕಬ್ಬಿನ ಸಿವುಡಿಗೆ ಒರಗಿ ಕೂತಳು. ಹಂಚಿನಿಂದ ರೊಟ್ಟಿ ಎದ್ದು, ಗಾಳಿಯಲ್ಲಿ ಒಂದು ಸುತ್ತು ತಿರುಗಿ, ಅವಳ ತಾಟಿಗೆ ಬಿತ್ತು. ಬೆರಳಿಟ್ಟಳು. ಉಸ್ಸೆಂದಿತು. ಶೇಂಗಾ ಚಟ್ನಿಪುಡಿ, ಮೇಲೊಂದಿಷ್ಟು ಎಣ್ಣೆ, ಹಸಿ ಉಳ್ಳಾಗಡ್ಡಿ. ಮೊದಲ ತುತ್ತಿಗೆ ಬಾಯಿ ಸುಟ್ಟಿತು. ಬಾಯಿ ಸುಡುವಷ್ಟು ಬಿಸಿ! ಚಿಮಣಿ, ಹೊಗೆ, ಟ್ರ್ಯಾಕ್ಟರಿನ ಹಾಡು ಎಲ್ಲ ಕರಗಿ ದೂರ ಹೋದವು. ಜಗತ್ತಿನಲ್ಲಿ ಅವಳು, ಆ ಹಬೆ, ಇಬ್ಬರೇ ಉಳಿದರು.

“ಇನ್ನೊಂದು ಹಾಕ್ಲೇನ್ರಿ?”

ಈ ಪ್ರಶ್ನೆಯನ್ನು ಅವಳು ದಿನಕ್ಕೆ ಎಷ್ಟೋ ಸಲ ಕೇಳುತ್ತಿದ್ದಳು. ಅವಳನ್ನು ಯಾರೋ ಕೇಳಿದ್ದು ಇದೇ ಮೊದಲು. ಅವಳು ತಾಟು ಮುಂದೆ ಮಾಡಿದಳು.

“ರೊಟ್ಟಿ ಭಾಳ ಚಲೋ ಬಡೀತೀರಿ ಅಣ್ಣಾರ. ಮನ್ಯಾಗೂ ನೀವ ಮಾಡ್ತೀರೇನು?”

ಶಿದ್ಲಿಂಗಪ್ಪ ಗಾಬರಿಯಾದ. “ಮನ್ಯಾಗ ಯಾಕ್ರಿ? ಮನ್ಯಾಗ ಆಕಿ ಅದಾಳಲ್ಲರಿ!”

ದೀಪಾ ಮೂರನೆಯ ರೊಟ್ಟಿ ಮುರಿಯುತ್ತ, ಕಾಣದ ಆ ‘ಆಕಿ’ಯ ಪಾಲಿಗೂ ಒಂದು ತುತ್ತು ಹೆಚ್ಚು ಉಂಡಳು.

ಕಾರಿನ ತೆರೆದ ಬಾಗಿಲಿನಿಂದ ಅಂಕಿ ಕಾಣುತ್ತಿತ್ತು. ಹದಿನಾರು. ಹದಿನಾಲ್ಕು. ಹಸಿರು ಎಲೆ ಎಂದೋ ಉದುರಿಹೋಗಿತ್ತು. ಎಬ್ಬಿಸಬೇಕಿತ್ತೇ? ಆದರೆ ಮದುವೆಯಾಗಿ ಬಂದ ಮೊದಲ ವಾರವೇ ಅತ್ತೆ ಹಣಮವ್ವ ಹೇಳಿಕೊಟ್ಟಿದ್ದಳು: ದುಡಿದು ಮಲಗಿದ ಗಂಡನನ್ನು ಎಬ್ಬಿಸಬಾರದು. ಅತ್ತೆಯ ಮಾತನ್ನು ಅಂದು ದೀಪಾ ಪಾಲಿಸಿದಷ್ಟು ಶ್ರದ್ಧೆಯಿಂದ ಯಾವ ಸೊಸೆಯೂ ಪಾಲಿಸಿರಲಾರಳು.

ಬಿಸಿಲು ಚಿಮಣಿಯ ಆಚೆ ಇಳಿದಾಗ ಹಿಂದಿನ ಟ್ರ್ಯಾಕ್ಟರು ಹಾರ್ನ್ ಹೊಡೆಯಿತು. ಭೀಮಶಿ ಎದ್ದ, ಅಂಕಿ ನೋಡಿದ, ಕಿರುಚಿದ.

“ಒಂಬತ್ತು! ದೀಪಾ, ಒಂಬತ್ತು! ಎಬ್ಬಸಬಾರದೇನ?”

“ಮಲಗಿದವರನ್ನ ಎಬ್ಬಸಬಾರದಂತ ಅತ್ತಿ ಹೇಳ್ಯಾರ. ತಗೋರಿ, ನಿಮಗಂತ ಒಂದು ರೊಟ್ಟಿ ಇಟ್ಟೇನಿ.”

ಅವನು ಗಬಕ್ಕನೆ ಕಚ್ಚಿದ. ಕಚ್ಚಿ ಎಳೆದ. “ಇದು ಆರೇತಲ್ಲ! ಚರ್ಮಾ ಆಗೇತಿ!”

“ಹೌದ್ರಿ. ಕಡೀಕ ಉಂಡವರಿಗೆ ಹಂಗ ಸಿಗೂದು,” ಎಂದಳು ದೀಪಾ, ಬಹಳ ಮೃದುವಾಗಿ.

ಕಾರು ತೂಕದ ಕಾಟಾ ಹತ್ತಿತು. ಕಾಟಾದ ಗುಮಾಸ್ತ ಕಿಟಕಿಯಿಂದ ಬಗ್ಗಿ, ಕಬ್ಬನ್ನು ಹುಡುಕಿ, ಬಾನೆಟ್ಟಿಗೆ ಸಿಕ್ಕಿದ್ದ ಒಂದೇ ಗರಿ ಕಂಡು, ತನ್ನ ನೌಕರಿಯ ಬಗ್ಗೆಯೇ ಸಂಶಯಗೊಂಡು, ಸುಮ್ಮನೆ ಕೈ ಬೀಸಿದ. ಹುಕ್ಕೇರಿ ಮುಟ್ಟಿದಾಗ ಖಾನಾವಳಿಯ ಬಾಗಿಲು ಮುಚ್ಚಿತ್ತು. ಪಂದ್ಯದ ನಿಯಮದಂತೆ ಮುಚ್ಚಿದ ಬಾಗಿಲ ಮುಂದೆ ಫೋಟೋ ತೆಗೆದು ಕಳಿಸಲಾಯಿತು. ಎಂಟು ಪಾಯಿಂಟ್ ಎಂಟು. ದಸ್ತಗೀರ ಫೋನಿನಲ್ಲಿ ನಕ್ಕ ನಗು ರಸ್ತೆಯಾಚೆ ಕೇಳಿಸಿತು.

“ಸೋತದ್ದು ಸೋತಾತು,” ಎಂದಳು ದೀಪಾ. “ಇನ್ನರೆ ಓಡಸ್ರಿ ಅದನ್ನ. ಹೊಟ್ಟಿ ತುಂಬ ಕುಡದೇತಿ ಪಾಪ.”

ಭೀಮಶಿ ಒಂದು ಕ್ಷಣ ಅವಳನ್ನು ನೋಡಿದ. ಆಮೇಲೆ ಮೂಡಲಗಿಯ ಪಾದ ಒತ್ತಿತು. ಕಾರು ಒಮ್ಮೆ ಗುಡುಗಿ, ಬೆನ್ನನ್ನು ಸೀಟಿಗೆ ಒತ್ತಿ ಹಾರಿತು. ದೀಪಾ ಕಿಟಕಿ ಪೂರ್ತಿ ಇಳಿಸಿದಳು. ಹಿಡಕಲ್ ಅಣೆಕಟ್ಟಿನ ನೀರಿನ ಕಡೆಯಿಂದ ಬಂದ ತಂಗಾಳಿಗೆ ಕೂದಲು ಬಿಚ್ಚಿತು. ಸಂಜೆಯ ಕಬ್ಬಿನ ಹೊಲಗಳು ಒಂದೇ ಹಸಿರು ಗೆರೆಯಾದವು. ಹಳದಿ ಬಸ್ಸು ಹಿಂದಾಯಿತು, ಟಂಟಂ ಹಿಂದಾಯಿತು, ಕಾಲುವೆಯ ನೀರೂ ಹಿಂದಾಯಿತು. ಅವಳು ಗಟ್ಟಿಯಾಗಿ ನಕ್ಕಳು. ಎವರೇಜಿನ ಚಿಂತೆಯಿಲ್ಲದೆ ಯಾವುದಾದರೂ ಓಡಿದ್ದನ್ನು ಅವಳು ನೋಡಿದ್ದು ಅದೇ ಮೊದಲು.

ಮರುದಿನದಿಂದ ಭೀಮಶಿ ಒಲೆಯ ಮುಂದೆ ನಿಂತ. ಮೊದಲ ರೊಟ್ಟಿ ಶ್ರೀಲಂಕೆಯ ಆಕಾರದಲ್ಲಿ ಬಂತು. ಎರಡನೆಯದು ನಡುವೆ ಹರಿದು ಎರಡು ರಾಷ್ಟ್ರಗಳಾಯಿತು. ಬೇಗ ಬೇಯಲೆಂದು ಅವನು ಎರಡೂ ಒಲೆಗಳ ಉರಿಯನ್ನು ಮೇಲಕ್ಕೆ ತಿರುಗಿಸಿ, ಹಿಟ್ಟು ನಾದುವಾಗಲೂ ಹಂಚನ್ನು ಕಾಯಿಸುತ್ತಲೇ ಇಟ್ಟ. ಕಟ್ಟೆಯ ಮೇಲಿನಿಂದ ಹಣಮವ್ವ ವಿಚಾರಿಸಿದಳು: “ಭೀಮಶಿ, ಒಂದು ಸಿಲಿಂಡರಿಗೆ ಎವರೇಜ್ ಎಷ್ಟ ಕೊಡತೀಪಾ?” ಆಚೆಯಿಂದ ಯಮನವ್ವ ಕಿಸಕ್ಕನೆ ನಕ್ಕಳು.

ದೀಪಾ ಎರಡು ತಿಂಗಳು ತಳ್ಳಬಹುದಾಗಿದ್ದ ಹೊಸ ಸಿಲಿಂಡರು ಆ ವಾರ ಮುಗಿಯುವುದನ್ನೂ ಕಾಯಲಿಲ್ಲ. ಶನಿವಾರ ಮಧ್ಯಾಹ್ನ, ಹಂಚಿನ ಮೇಲೆ ಅಂದಿನ ಮೊದಲ ರೊಟ್ಟಿ ಅರ್ಧ ಬೆಂದಿತ್ತು, ಉರಿ ಒಮ್ಮೆ ನೀಲಿಯಾಗಿ ಕುಣಿದು ಆರಿತು. ಪಡಸಾಲೆಯಲ್ಲಿ ದೀಪಾ ತಾಟಿನ ಮುಂದೆ ಚಕ್ಕಳಮಕ್ಕಳ ಹಾಕಿ, ಕಣ್ಣು ಅರೆಮುಚ್ಚಿ, ಹಬೆಯ ಕನಸು ಕಾಣುತ್ತ ಕೂತಿದ್ದಳು.

“ದೀಪಾ!” ಒಳಗಿನಿಂದ ಅಳುವ ದನಿ ಬಂತು. “ಗ್ಯಾಸ್ ತೀರೇತಿ! ಈಗ ಏನ ಮಾಡ್ಲಿ?”

ದೀಪಾ ಕಣ್ಣು ತೆರೆಯಲೂ ಇಲ್ಲ.

“ಇಳದು ನೂಕ್ರಿ!”